ಬೇಸಿಗೆಗೆ ಮನೆಯಲ್ಲೇ ಗೋಧಿ ಬಿಯರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಅಮೆರಿಕದ ಆಸ್ಟಿನ್ ನಗರದಲ್ಲಿರುವ ಕನ್ನಡಿಗ. ಮನೆಯಲ್ಲೇ ಬಿಯರ್ ತಯಾರಿಸುವುದು ನನ್ನ ಹವ್ಯಾಸ. ಈ ಬೇಸಿಗೆಗೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಗೋಧಿ ಬಿಯರ್ ಮಾಡಬೇಕೆಂದಿದ್ದೇನೆ. ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) 3 ಕೆ.ಜಿ., ಬಾರ್ಲಿ ಮಾಲ್ಟ್ 2.5 ಕೆ.ಜಿ., ಜೇನು ಅರ್ಧ ಕೆ.ಜಿ., ಜೊತೆಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಏಲಕ್ಕಿ; ಯೀಸ್ಟ್ ಮಾತ್ರ ಜರ್ಮನಿಯ ಗೋಧಿ ಬಿಯರಿನದು. ಹುದುಗಲು ಗ್ಯಾರೇಜಿನಲ್ಲಿ ಇಡುತ್ತೇನೆ. ಈ ಪಾಕ ಸರಿಯಾಗಿದೆಯೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಮೊದಲು ತಿದ್ದಬೇಕಾದದ್ದು ಗ್ಯಾರೇಜು. ಆಸ್ಟಿನ್‌ನಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಹಗಲಿನ ಉಷ್ಣಾಂಶ 36–37 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ನೀವು ಆರಿಸಿಕೊಂಡಿರುವ ಯೀಸ್ಟ್‌ಗೆ ಹಿತವಾದದ್ದು 17ರಿಂದ 22 ಡಿಗ್ರಿ. ಸಾಲದ್ದಕ್ಕೆ, ಹುದುಗುವಾಗ ಯೀಸ್ಟ್ ತಾನೇ ಶಾಖ ಹೊರಬಿಡುವುದರಿಂದ ಪಾತ್ರೆಯೊಳಗಿನ ದ್ರವ ಸುತ್ತಲಿನ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚೇ ಬಿಸಿಯಾಗಿರುತ್ತದೆ. ಅಂಥ ಕಾವಿನಲ್ಲಿ ಈ ಯೀಸ್ಟ್ ಫ್ಯೂಸೆಲ್ ಎಂಬ ಭಾರದ ಆಲ್ಕೋಹಾಲ್‌ಗಳನ್ನು ಉತ್ಪಾದಿಸುತ್ತದೆ. ಬಿಯರಿಗೆ ಸ್ಪಿರಿಟ್ಟಿನ ಘಾಟು ಬರುತ್ತದೆ, ಗಂಟಲು ಉರಿಯುತ್ತದೆ. ಆದ್ದರಿಂದ ಬೇಸಿಗೆಯ ಬಿಯರಿನ ಪಾಕವನ್ನು ಬರೆಯಲು ಕೂರುವ ಮುನ್ನ, ಅದನ್ನು ಹುದುಗಲು ಇಡುವ ಜಾಗ ಎಷ್ಟು ಬೆಚ್ಚಗಿರುತ್ತದೆ ಎಂಬುದನ್ನು ಅಳೆದು, ಆಮೇಲೆ ಯೀಸ್ಟನ್ನೂ, ಯೀಸ್ಟಿಗೆ ಹೊಂದುವಂತೆ ಉಳಿದ ಸಾಮಗ್ರಿಯನ್ನೂ ಆರಿಸಿಕೊಳ್ಳುವುದು ಲೇಸು.

ಎರಡನೆಯದು ಸತ್ವದ ಲೆಕ್ಕ. ನೀವು ಬರೆದಿರುವ ಐದೂವರೆ ಕೆ.ಜಿ. ಮಾಲ್ಟ್ ಮತ್ತು ಜೇನು 19 ಲೀಟರಿಗೆ ಸೇರಿದರೆ, ಮಾಲ್ಟಿನ ಸಕ್ಕರೆಯಲ್ಲಿ ಶೇಕಡಾ 70ರಷ್ಟೇ ನೀರಿಗಿಳಿಯುತ್ತದೆಂದು ಹಿಡಿದರೂ, ಆರಂಭದ ಗ್ರಾವಿಟಿ, ಅಂದರೆ ಹುದುಗುವ ಮುನ್ನ ಸಿಹಿ ರಸ ನೀರಿಗಿಂತ ಎಷ್ಟು ಸಾಂದ್ರವೆಂಬ ಅಳತೆ, 1.070ರ ಆಸುಪಾಸಿಗೆ ಹೋಗುತ್ತದೆ. ಅದು ಹುದುಗಿ ಮುಗಿಯುವಾಗ ಆಲ್ಕೋಹಾಲ್ ಶೇಕಡಾ ಏಳನ್ನು ದಾಟಿರುತ್ತದೆ. ಅಷ್ಟು ತೀಕ್ಷ್ಣವಾದದ್ದು ಡಿಸೆಂಬರಿನ ರಾತ್ರಿಗೆ ಚೆನ್ನ. ಬಿಸಿಲಲ್ಲಿ ಹುಲ್ಲು ಕತ್ತರಿಸಿ ಬಂದವರು ಕೈಗೆತ್ತಿಕೊಳ್ಳುವ ಪಾನೀಯವಂತೂ ಅಲ್ಲ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಗೋಧಿ ಬಿಯರಾದ ಹೆಫೆವೈಟ್ಸನ್ ಸಾಧಾರಣವಾಗಿ ಶೇಕಡಾ ನಾಲ್ಕೂವರೆಯಿಂದ ಐದೂವರೆಯ ಒಳಗಿರುತ್ತದೆ, ಬೇಸಿಗೆಗೆ ಅದರ ಕೆಳಗಿನ ಅಂಚೇ ಸಾಕು. ಗೋಧಿ ಮಾಲ್ಟ್ 2.1 ಕೆ.ಜಿ., ಪಿಲ್ಸ್ನರ್ ಬಾರ್ಲಿ ಮಾಲ್ಟ್ 1.7 ಕೆ.ಜಿ. ತೆಗೆದುಕೊಳ್ಳಿ. ಗ್ರಾವಿಟಿ 1.045ರ ಸುತ್ತ ನಿಲ್ಲುತ್ತದೆ. ಗೋಧಿಯ ಪಾಲು ಅರ್ಧಕ್ಕಿಂತ ಹೆಚ್ಚಿರಬೇಕೆಂಬ ಜರ್ಮನಿಯ ನಿಯಮವೂ ಪಾಲನೆಯಾಗುತ್ತದೆ. ಜೇನನ್ನು ಬಿಟ್ಟುಬಿಡಿ, ಅದರ ಸಕ್ಕರೆಯೆಲ್ಲ ಹುದುಗಿ ಹೋಗಿ ಬಿಯರ್ ತೆಳ್ಳಗಾಗುವುದೇ ಹೊರತು ಜೇನಿನ ಸವಿ ಉಳಿಯುವುದಿಲ್ಲ.

ಮಸಾಲೆಗಳನ್ನೂ ಈ ಪಾಕದಿಂದ ತೆಗೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಜರ್ಮನಿಯ ಈ ಯೀಸ್ಟ್ ತಾನಾಗಿಯೇ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ ಕೊಡುತ್ತದೆ. ಮೊದಲನೆಯದಕ್ಕೆ ಐಸೋಅಮೈಲ್ ಅಸಿಟೇಟ್ ಕಾರಣ, ಎರಡನೆಯದಕ್ಕೆ 4-ವಿನೈಲ್ ಗ್ವಾಯಕೋಲ್. ಅದರ ಮೇಲೆ ಕೊತ್ತಂಬರಿ, ಏಲಕ್ಕಿ, ಕಿತ್ತಳೆ ಸಿಪ್ಪೆ ಸುರಿದರೆ ಯಾವುದೂ ನಾಲಗೆಗೆ ಬಿಡಿಯಾಗಿ ಸಿಗುವುದಿಲ್ಲ. ಕೊತ್ತಂಬರಿ, ಕಿತ್ತಳೆ ಬೆಲ್ಜಿಯಂನ ದಾರಿ. ಅದಕ್ಕೆ ಬೇರೆ ಯೀಸ್ಟ್ ಇದೆ, ಅದರ ವಿಚಾರ ಕೆಳಗಿನ ಇನ್ನೊಂದು ಉತ್ತರದಲ್ಲಿದೆ.

ಲವಂಗದ ಪರಿಮಳ ನಿಮಗೆ ಇಷ್ಟವಿದ್ದರೆ ಅದನ್ನು ಬೇಯಿಸುವ ದಿನವೇ ಹೆಚ್ಚಿಸಿಕೊಳ್ಳಬಹುದು. ಯೀಸ್ಟ್ ಆ ಪರಿಮಳವನ್ನು ತಯಾರಿಸುವುದು ಧಾನ್ಯದಲ್ಲಿರುವ ಫೆರುಲಿಕ್ ಆಮ್ಲದಿಂದ, ಮತ್ತು ಆ ಆಮ್ಲ ನೀರಿಗೆ ಚೆನ್ನಾಗಿ ಬಿಟ್ಟುಕೊಳ್ಳುವುದು 45 ಡಿಗ್ರಿಯ ಆಸುಪಾಸಿನಲ್ಲಿ. ಒಂಬತ್ತು ಲೀಟರ್ ನೀರನ್ನು 49 ಡಿಗ್ರಿಗೆ ಕಾಯಿಸಿ, ಕೋಣೆಯ ಉಷ್ಣಾಂಶದಲ್ಲಿರುವ ಮಾಲ್ಟ್ ನುಚ್ಚನ್ನು ಅದಕ್ಕೆ ಹಾಕಿ ಕಲಕಿದರೆ ಮಿಶ್ರಣ ಸರಿಸುಮಾರು 45 ಡಿಗ್ರಿಗೆ ನಿಲ್ಲುತ್ತದೆ. ಹದಿನೈದು ನಿಮಿಷ ಹಾಗೇ ಬಿಟ್ಟು, ಬಳಿಕ ಕುದಿಯುವ ನೀರನ್ನು ಏಳು ಲೀಟರಿನಷ್ಟು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ, ಥರ್ಮಾಮೀಟರ್ ನೋಡಿಕೊಳ್ಳುತ್ತಾ 66 ಡಿಗ್ರಿಗೆ ಏರಿಸಿ, ಒಂದು ಗಂಟೆ ಮುಚ್ಚಿಡಿ. ಬಾಳೆಹಣ್ಣಿನ ಪರಿಮಳವೇ ಸಾಕೆನ್ನುವವರು ಮೊದಲ ಹಂತವನ್ನು ಬಿಟ್ಟು ನೇರವಾಗಿ 66ಕ್ಕೆ ಹೋಗಬಹುದು.

ಗೋಧಿಗೆ ಬಾರ್ಲಿಯಂತೆ ಸಿಪ್ಪೆ ಇರುವುದಿಲ್ಲವಾದ್ದರಿಂದ ಸೋಸುವಾಗ ಧಾನ್ಯದ ಹಾಸು ಅಂಟಾಗಿ ಕಟ್ಟಿಕೊಂಡು, ರಸ ಹನಿಯಾಗಿಯೂ ಇಳಿಯದೆ ನಿಂತುಬಿಡುವುದುಂಟು. ಕಾಲು ಕೆ.ಜಿ.ಯಷ್ಟು ಭತ್ತದ ಹೊಟ್ಟನ್ನು ನೀರಲ್ಲಿ ತೊಳೆದು ಬೆರೆಸಿಕೊಂಡರೆ ಈ ತಾಪತ್ರಯ ತಪ್ಪುತ್ತದೆ. ಬಿಯರ್ ಸಾಮಗ್ರಿಯ ಅಂಗಡಿಗಳಲ್ಲಿ ಅದು ಸಿಗುತ್ತದೆ. ಗೋಧಿ ಮಾಲ್ಟಿನ ಕಾಳು ಬಾರ್ಲಿಗಿಂತ ಸಣ್ಣದು, ಗಟ್ಟಿ. ಗಿರಣಿಯ ಉರುಳೆಗಳ ನಡುವಿನ ಸಂದನ್ನು ಬಾರ್ಲಿಗೆ ಇಟ್ಟಷ್ಟೇ ಇಟ್ಟರೆ ಎಷ್ಟೋ ಕಾಳು ಇಡಿಯಾಗಿಯೇ ಜಾರಿ ಬೀಳುತ್ತವೆ. ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ಒಡೆಸಿ.

ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಹಿಯ ಮೂಲವಾದ ಆಲ್ಫಾ ಆಮ್ಲ ಶೇಕಡಾ ನಾಲ್ಕರಷ್ಟಿರುವ ಹಾಲರ್ಟೌ ತಳಿಯ ಹಾಪ್ಸ್ 25 ಗ್ರಾಂ ಹಾಕಿ ಒಂದು ಗಂಟೆ ಕುದಿಸಿದರೆ ಬೇಕಾದಷ್ಟು ಕಹಿ ಬರುತ್ತದೆ. ನಗರದ ನಲ್ಲಿ ನೀರಿನಲ್ಲಿ ಶುದ್ಧೀಕರಣಕ್ಕೆಂದು ಬೆರೆಸಿದ ಕ್ಲೋರಮೈನ್ ಇದ್ದರೆ ಬಿಯರಿಗೆ ಔಷಧಿಯಂಥ ವಾಸನೆ ಹತ್ತುತ್ತದೆ, ಕುದಿಸಿದರೂ ಅದು ಸುಲಭಕ್ಕೆ ಹೋಗುವುದಿಲ್ಲ. ಅದನ್ನು ತೊಲಗಿಸುವ ಕ್ಯಾಂಪ್ಡನ್ ಎಂಬ ಮಾತ್ರೆಯನ್ನು ಒಟ್ಟು ನೀರಿಗೆ ಅರ್ಧದಷ್ಟು ಪುಡಿ ಮಾಡಿ ಕರಗಿಸಿದರೆ ಸಾಕು.

ಈಗ ಮತ್ತೆ ತಂಪಿನ ಮಾತು. ಪಾತ್ರೆಯನ್ನು ಮನೆಯೊಳಗೆ ತನ್ನಿ. ಹವಾನಿಯಂತ್ರಣ 25 ಡಿಗ್ರಿಯಲ್ಲಿದ್ದರೂ ಚಿಂತೆಯಿಲ್ಲ: ಅಗಲವಾದ ಟಬ್ಬಿನಲ್ಲಿ ಒಂದು ಗೇಣು ನೀರು ತುಂಬಿ ಪಾತ್ರೆಯನ್ನು ಅದರಲ್ಲಿಟ್ಟು, ಹಳೆಯ ಹತ್ತಿಯ ಪಂಚೆಯನ್ನು ಅದಕ್ಕೆ ಸುತ್ತಿ ಅಂಚು ನೀರಿನಲ್ಲಿ ಮುಳುಗುವಂತೆ ಬಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಾಕಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ರೀತಿಯಲ್ಲೇ ಇದೂ ತಣ್ಣಗಾಗುತ್ತದೆ. ಬೆಳಿಗ್ಗೆ, ಸಂಜೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಟಬ್ಬಿಗೆ ಹಾಕುತ್ತಿದ್ದರೆ 19–20 ಡಿಗ್ರಿಯಲ್ಲಿ ಹಿಡಿದಿಡಬಹುದು. ಮೊದಲ ಮೂರು ದಿನ ಈ ಶ್ರಮ ಪಟ್ಟರೆ ಸಾಕು, ಪರಿಮಳದ ಬಹುಪಾಲು ಹುಟ್ಟುವುದು ಆಗಲೇ. ಯೀಸ್ಟ್ ವೈಟ್ ಲ್ಯಾಬ್ಸ್ ಕಂಪನಿಯ 300ನೇ ನಂಬರಿನದು ಆಗಬಹುದು. ಒಣ ಯೀಸ್ಟ್ ಬೇಕಾದರೆ ಲಾಲೆಮಂಡ್ ಕಂಪನಿಯ ಮ್ಯೂನಿಕ್ ಕ್ಲಾಸಿಕ್ ಆಗಬಹುದು.

ಇಷ್ಟೆಲ್ಲ ಆಗದು, ಗ್ಯಾರೇಜೇ ಗತಿ ಎನ್ನುವುದಾದರೆ ಬವೇರಿಯಾದ ಆಸೆ ಬಿಟ್ಟು ನಾರ್ವೆಯ ಹಳ್ಳಿಗಳಿಂದ ಬಂದ ವೋಸ್ ಕ್ವೈಕ್ ಯೀಸ್ಟ್ ಬಳಸಿ. 35 ಡಿಗ್ರಿಯ ಮೇಲೂ ಅದು ನಿರಾಳವಾಗಿ ಕೆಲಸ ಮಾಡುತ್ತದೆ. ಬಾಳೆ, ಲವಂಗ ಸಿಗುವುದಿಲ್ಲ, ಬದಲಿಗೆ ಕಿತ್ತಳೆಯ ನಸುಛಾಯೆ ಬರುತ್ತದೆ. ಅದೇ ಧಾನ್ಯ, ಅದೇ ಹಾಪ್ಸ್ ಇದಕ್ಕೂ ಸಲ್ಲುತ್ತವೆ.

ಬಾಟಲಿಗೆ ತುಂಬುವಾಗ ಲೀಟರಿಗೆ ಏಳರಿಂದ ಏಳೂವರೆ ಗ್ರಾಂ ಸಕ್ಕರೆ ಹಾಕಿ. ಜರ್ಮನಿಯವರು ಇನ್ನೂ ಹೆಚ್ಚು ನೊರೆ ಬಯಸುತ್ತಾರಾದರೂ ಅವರ ಬಾಟಲಿಯ ಗಾಜು ದಪ್ಪ. ಸಾಮಾನ್ಯ ಬಿಯರ್ ಬಾಟಲಿ ಅಷ್ಟು ಒತ್ತಡಕ್ಕೆ ಸಿಡಿಯಬಹುದು. ಹಳೆಯದಾದಂತೆ ಈ ಬಿಯರಿನ ಸೊಗಸು ಕುಂದುತ್ತದೆ, ಒಂದೆರಡು ತಿಂಗಳೊಳಗೆ ಮುಗಿಸಿ.

ಪ್ರಶ್ನೆ: ಇದನ್ನು ಮೈಸೂರಿನ ನಮ್ಮ ಮನೆಯಲ್ಲಿ, ಮಾರಾಟಕ್ಕಲ್ಲದೆ ನಮ್ಮ ಬಳಕೆಗೆ ಮಾತ್ರ ಮಾಡಬಹುದೇ?

ಉತ್ತರ: ಮಾಡಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರೂ ಅದರೊಳಗೆ ಬರುತ್ತದೆ. ಅಮೆರಿಕದಲ್ಲಿ 1978ರಲ್ಲಿ ಅಂಗೀಕೃತವಾದ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಅವಕಾಶ ಕೊಟ್ಟಿತು. ಹಾಗಿದ್ದೂ ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಗೋಧಿ ಬಿಯರಿನ ರುಚಿ ತಿಳಿಯುವ ಕುತೂಹಲವಿದ್ದರೆ ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೋಬ್ರೂವರಿಗಳಿಗೆ ಹೋಗಿ ಹೆಫೆವೈಟ್ಸನ್ ಕೇಳಿ.

ಪ್ರಶ್ನೆ: ನ್ಯೂಜೆರ್ಸಿಯ ಇಂಡಿಯನ್ ಸ್ಟೋರಿನಲ್ಲಿ ಸಿಗುವ ಗೋಧಿ ಹಿಟ್ಟು, ಕೊತ್ತಂಬರಿ ಬೀಜ, ಡಬ್ಬಿಯ ಮಾವಿನ ತಿರುಳು ಇವನ್ನೆಲ್ಲ ಗೋಧಿ ಬಿಯರಿಗೆ ಬಳಸಬಹುದೇ?

ಉತ್ತರ: ಹಿಟ್ಟು ಬೇಡ, ನುಣ್ಣಗಿರುವುದರಿಂದ ಗೋಂದಾಗಿ ಸೋಸಲು ಬಾರದು. ಹುರಿಯದ ಗೋಧಿ ನುಚ್ಚು ತೆಗೆದುಕೊಳ್ಳಿ. ಕೊತ್ತಂಬರಿ, ಕಿತ್ತಳೆ ಸಿಪ್ಪೆ ಹಾಕುವ ಬೆಲ್ಜಿಯಂನ ಗೋಧಿ ಬಿಯರಾದ ವಿಟ್‌ಬಿಯರಿಗೆ ಮಾಲ್ಟ್ ಮಾಡದ ಗೋಧಿಯೇ ಬೇಕು. ಹೂಗಾರ್ಡನ್ ಊರಿನಲ್ಲಿ ನಿಂತೇಹೋಗಿದ್ದ ಈ ಬಿಯರನ್ನು 1960ರ ದಶಕದಲ್ಲಿ ಮತ್ತೆ ಆರಂಭಿಸಿದವರು ಪಿಯರ್ ಸೆಲಿಸ್. ಮುಂದೆ ಅವರು 1990ರ ದಶಕದ ಆರಂಭದಲ್ಲಿ ಇದೇ ಬಿಯರಿಗಾಗಿ ಬ್ರೂವರಿ ತೆರೆದದ್ದು ಮೇಲಿನ ಓದುಗರ ಆಸ್ಟಿನ್ ನಗರದಲ್ಲಿ. 19 ಲೀಟರಿಗೆ ಪಿಲ್ಸ್ನರ್ ಮಾಲ್ಟ್ 2 ಕೆ.ಜಿ., ಮೊದಲೇ ಬೇಯಿಸಿಕೊಂಡ ಗೋಧಿ ನುಚ್ಚು 1.7 ಕೆ.ಜಿ. (ತೂಕ ಬೇಯಿಸುವ ಮುಂಚಿನದು), ಓಟ್ಸ್ 200 ಗ್ರಾಂ. ಮಾಲ್ಟಿನಲ್ಲಿರುವ ಕಿಣ್ವಗಳು ನುಚ್ಚಿನ ಪಿಷ್ಟವನ್ನೂ ಸಕ್ಕರೆಯಾಗಿಸುತ್ತವೆ. ಭತ್ತದ ಹೊಟ್ಟು ಇಲ್ಲಿ ಇನ್ನಷ್ಟು ಅಗತ್ಯ. ಯೀಸ್ಟ್ ವಿಟ್‌ಬಿಯರಿನದೇ ಇರಲಿ.

ಕೊತ್ತಂಬರಿಯ ವಿಷಯದಲ್ಲಿ ನೀವು ಅದೃಷ್ಟವಂತರು. ಸೂಪರ್ ಮಾರ್ಕೆಟ್ಟಿನ ಗುಂಡನೆಯ ಕಂದು ಬೀಜಕ್ಕಿಂತ ನಮ್ಮ ಕಡೆಯ ಉದ್ದನೆಯ, ತಿಳಿ ಹಳದಿ ಬೀಜದಲ್ಲಿ ನಿಂಬೆ ಜಾತಿಯ ಪರಿಮಳ ಹೆಚ್ಚೆಂದು ಅಮೆರಿಕದ ಹವ್ಯಾಸಿಗಳೂ ಇಂಡಿಯನ್ ಸ್ಟೋರಿಗೆ ಬರುತ್ತಾರೆ. ಹದಿನೈದು ಗ್ರಾಂ ಬೀಜವನ್ನು ಹುರಿಯದೆ, ಕಾಳು ಎರಡಾಗುವಷ್ಟು ಮಾತ್ರ ಕುಟ್ಟಿ, ಎರಡು ಕಿತ್ತಳೆಯ ಬಿಳಿ ಭಾಗ ಬಾರದಂತೆ ಹೆರೆದ ಸಿಪ್ಪೆಯೊಂದಿಗೆ ಕುದಿಯ ಕೊನೆಯ ಐದು ನಿಮಿಷಕ್ಕೆ ಹಾಕಿ. ಹುರಿದರೆ ಸಾರಿನ ಪುಡಿಯ ವಾಸನೆ ಬಂದೀತು.

ಮಾವಿನ ತಿರುಳಿನ ಡಬ್ಬಿಯ ಮೇಲಿನ ಪಟ್ಟಿಯನ್ನು ಮೊದಲು ಓದಿ. ಪೊಟ್ಯಾಸಿಯಂ ಸೋರ್ಬೇಟ್ ಎಂದಿದ್ದರೆ ಅಲ್ಲೇ ಬಿಡಿ, ಅದು ಯೀಸ್ಟ್ ವೃದ್ಧಿಯಾಗದಂತೆ ತಡೆಯುತ್ತದೆ. ಇಲ್ಲದಿದ್ದರೆ 850 ಗ್ರಾಂನ ಒಂದೆರಡು ಡಬ್ಬಿಗಳನ್ನು, ಹುದುಗಿನ ಮೊದಲ ರಭಸ ಇಳಿದ ಮೇಲೆ, ಡಬ್ಬಿಯ ಮುಚ್ಚಳವನ್ನೂ ತೆರೆಯುವ ಸಾಧನವನ್ನೂ ಸ್ಯಾನಿಟೈಸ್ ಮಾಡಿಕೊಂಡು ಸೇರಿಸಿ. ಮಾವಿನ ಸಿಹಿ ಹುದುಗಿ ಹೋಗುತ್ತದೆ, ಉಳಿಯುವುದು ಪರಿಮಳ ಮತ್ತು ಸಣ್ಣ ಹುಳಿ. ಮಾವಿನ ಲಸ್ಸಿಯಂಥ ರುಚಿಯನ್ನು ನಿರೀಕ್ಷಿಸಬೇಡಿ. ಹಣ್ಣಿನ ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಬಾಟಲಿ ಒಡೆಯುವ ಅಪಾಯವಿದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೂ ಕಾಯಿರಿ.