ಇಂಟೆಲ್ ಜಿಎಂಎ 950 ಗ್ರಾಫಿಕ್ಸ್ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಜಿಝಡ್‌ಡೂಮ್ ಓಪನ್ ಆಗುತ್ತಿಲ್ಲ. 1993ರ ಡೂಮ್ ಆಟಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಕಾ?

ಬೇಡ. ತೊಂದರೆ ಡೂಮ್ ಆಟದ್ದಲ್ಲ, ನೀವು ಆರಿಸಿದ ಪೋರ್ಟ್‌ನದ್ದು, ಅಂದರೆ ಹಳೇ ಆಟವನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಜಿಝಡ್‌ಡೂಮ್‌ನದ್ದು.

ಮೂಲ ಡೂಮ್ 386 ಪ್ರೊಸೆಸರ್, 4 ಎಂಬಿ ರ‍್ಯಾಮ್‌ನಲ್ಲೇ ಓಡುತ್ತಿತ್ತು. 320x200, ಅಂದರೆ ಬರೀ 64,000 ಚುಕ್ಕಿ. ಅಷ್ಟನ್ನೂ ಪ್ರೊಸೆಸರ್ರೇ ಬರೆಯುತ್ತಿತ್ತು. 1997ರಲ್ಲಿ ಸೋರ್ಸ್ ಕೋಡ್ ಹೊರಬಂದ ಮೇಲೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಜಿಝಡ್‌ಡೂಮ್ ಬಣ್ಣದ ಬೆಳಕು, ನೆರಳು ಎಲ್ಲ ಸೇರಿಸಿಕೊಂಡು ಬೆಳೆಯಿತು. ಅದಕ್ಕೆ ಸಾಮಾನ್ಯವಾಗಿ ಓಪನ್‌ಜಿಎಲ್ (ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬರೆಸುವ ವ್ಯವಸ್ಥೆ) 3.3 ಬೇಕು. ನಿಮ್ಮ ಚಿಪ್ ವಿಂಡೋಸ್‌ನಲ್ಲಿ ಕೊಡುವುದು 1.4 ಮಾತ್ರ. ಡ್ರೈವರ್ ಹುಡುಕುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್. ಚಿಪ್‌ನಲ್ಲೇ ಇಲ್ಲದ್ದನ್ನು ಡ್ರೈವರ್ ಎಲ್ಲಿಂದ ತರಬೇಕು?

ಚಾಕೊಲೇಟ್ ಡೂಮ್ ಹಾಕಿ. ಅದು ಈಗಲೂ ಪ್ರೊಸೆಸರ್‌ನಲ್ಲೇ ಚಿತ್ರ ಬರೆಯುತ್ತದೆ. ಗ್ರಾಫಿಕ್ಸ್ ಚಿಪ್‌ಗೆ ಇರುವ ಕೆಲಸ ಆ ಪುಟ್ಟ ಚಿತ್ರವನ್ನು ಸ್ಕ್ರೀನ್ ಅಳತೆಗೆ ಹಿಗ್ಗಿಸುವುದಷ್ಟೇ. ಅಲ್ಲೂ ತಡವರಿಸಿದರೆ ಚಾಕೊಲೇಟ್-ಡೂಮ್.ಸಿಎಫ್‌ಜಿ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, 'ಫೋರ್ಸ್_ಸಾಫ್ಟ್‌ವೇರ್_ರೆಂಡರರ್' ಸಾಲಿನ 0 ಅನ್ನು 1 ಮಾಡಿ.

ಒಂದು ಮಾತು: ಚಾಕೊಲೇಟ್ ಡೂಮ್ ಹಳೇ ಆಟದ ಮಿತಿಗಳನ್ನೂ ಬಗ್‌ಗಳನ್ನೂ ಬೇಕಂತಲೇ ಉಳಿಸಿಕೊಂಡಿದೆ. ಅಭಿಮಾನಿಗಳು ಆಮೇಲೆ ಮಾಡಿದ ದೊಡ್ಡ ಮ್ಯಾಪ್ ಹಾಕಿದರೆ ಕ್ರ್ಯಾಶ್ ಆಗಬಹುದು. ಅಂಥದ್ದಕ್ಕೆ ಕ್ರಿಸ್ಪಿ ಡೂಮ್ ಸರಿ. ಅದೇ ಬುನಾದಿ, ಆದರೆ ಮಿತಿ ತೆಗೆದಿದ್ದಾರೆ, ರೆಸಲ್ಯೂಷನ್ ಕೂಡ ಜಾಸ್ತಿ. ನಾನಾಗಿದ್ದರೆ ನೇರ ಇದನ್ನೇ ಹಾಕಿಕೊಳ್ಳುತ್ತಿದ್ದೆ.

ವ್ಯಾಡ್ ಫೈಲ್ (ಆಟದ ಮ್ಯಾಪ್, ಚಿತ್ರ, ಸದ್ದು ಎಲ್ಲ ಇರುವ ಫೈಲ್) ಇಲ್ಲದೆ ಯಾವ ಪೋರ್ಟೂ ಆಡಿಸುವುದಿಲ್ಲ. ದುಡ್ಡು ಕೊಡುವ ಮುಂಚೆ ಶೇರ್‌ವೇರ್ ಆವೃತ್ತಿಯಲ್ಲಿ ಮೊದಲ ಎಪಿಸೋಡ್ ಆಡಿ ನೋಡಿ, ಅದು ಉಚಿತ.