ಚಾರ್ಲೀಜ್ ಥೆರಾನ್ ಆಫ್ರಿಕಾದವರು ಅಂತ ಅವರ ಮಾತಿನಲ್ಲಿ ಯಾಕೆ ಗೊತ್ತಾಗುವುದಿಲ್ಲ?

ಪ್ರಶ್ನೆ: "ಚಾರ್ಲೀಜ್ ಥೆರಾನ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರಂತೆ, ನಿನ್ನೆಯಷ್ಟೇ ಗೊತ್ತಾಯಿತು. ಮಾತು ಕೇಳಿದರೆ ಪಕ್ಕಾ ಅಮೆರಿಕದವರು! ಹಾಲಿವುಡ್‌ನಲ್ಲಿ ಇಷ್ಟು ದೊಡ್ಡ ಹೆಸರು ಮಾಡಿದ್ದು ಬರೀ ಅಂದದಿಂದಲೇನಾ?"

ನಿಮಗೆ ಗೊತ್ತಾಗದೇ ಇದ್ದದ್ದರಲ್ಲಿ ತಪ್ಪಿಲ್ಲ. ಗೊತ್ತಾಗಬಾರದು ಅಂತಲೇ ಅವರು ಕಷ್ಟಪಟ್ಟು ಕಲಿತ ಮಾತು ಅದು.

ಥೆರಾನ್ ಹುಟ್ಟಿದ್ದು 1975ರ ಆಗಸ್ಟ್ 7ರಂದು, ಜೊಹಾನೆಸ್‌ಬರ್ಗ್ ಹತ್ತಿರದ ಬೆನೋನಿಯಲ್ಲಿ. ಮನೆಯವರಿಗೆ ಜಮೀನಿತ್ತು, ಜೊತೆಗೆ ರಸ್ತೆ ಹಾಕಿಸುವ ಕಂಟ್ರಾಕ್ಟ್ ಕೆಲಸ. ಮನೆಮಾತು ಆಫ್ರಿಕಾನ್ಸ್. ಡಚ್ಚರು ತಂದ ಮಾತು ಅಲ್ಲಿನ ಜನರ, ಗುಲಾಮರ ಬಾಯಲ್ಲಿ ಉರುಳಿ ಉರುಳಿ ಬೇರೆಯೇ ಆದ ಭಾಷೆ ಅದು. ಅವರ ಮನೆತನದ ಹೆಸರನ್ನು ಆ ಭಾಷೆಯಲ್ಲಿ 'ಟ್ರಾನ್' ಅಂತ ಒಂದೇ ಏಟಿಗೆ ಹೇಳುತ್ತಾರೆ. 'ಥೆರಾನ್' ಅನ್ನುವುದು ಇಂಗ್ಲಿಷ್ ನಾಲಿಗೆ ಮಾಡಿಕೊಂಡದ್ದು. ಅಂದರೆ ಬದಲಾವಣೆ ಹೆಸರಿನಿಂದಲೇ ಶುರು.

ಮೊದಲು ಅವರಿಗಿದ್ದದ್ದು ನಟಿಯಾಗುವ ಕನಸಲ್ಲ, ಬ್ಯಾಲೆ ನೃತ್ಯದ ಹುಚ್ಚು. 13ನೇ ವಯಸ್ಸಿಗೆ ಜೊಹಾನೆಸ್‌ಬರ್ಗ್‌ನ ಕಲಾಶಾಲೆಗೆ ಸೇರಿದರು. 15 ವರ್ಷವಿದ್ದಾಗ, 1991ರಲ್ಲಿ, ಕುಡಿದು ಬಂದು ಗುಂಡು ಹಾರಿಸಿದ ಅಪ್ಪನ ಮೇಲೆ ಅಮ್ಮ ತಿರುಗಿ ಗುಂಡು ಹಾರಿಸಿದರು. ಅಪ್ಪ ತೀರಿಹೋದರು. ಆತ್ಮರಕ್ಷಣೆ ಎಂದು ತೀರ್ಮಾನವಾಗಿ ಅಮ್ಮನ ಮೇಲೆ ಕೇಸಾಗಲಿಲ್ಲ. ಇದನ್ನು ಥೆರಾನ್ ಸಂದರ್ಶನಗಳಲ್ಲಿ ತಾವೇ ಹೇಳಿದ್ದಾರೆ. ನಾನು ಹೆಚ್ಚು ಎಳೆಯುವುದಿಲ್ಲ. ಅವರ ಪ್ರತಿಯೊಂದು ಪಾತ್ರವನ್ನೂ ಆ ಒಂದು ರಾತ್ರಿಗೆ ಗಂಟು ಹಾಕಿ ಬರೆಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ.

16ನೇ ವಯಸ್ಸಿನಲ್ಲಿ ಇಟಲಿಯ ಸಲೆರ್ನೊದಲ್ಲಿ ಮಾಡೆಲಿಂಗ್ ಸ್ಪರ್ಧೆ ಗೆದ್ದರು. ಒಂದು ವರ್ಷ ಯುರೋಪಿನಲ್ಲಿ ಮಾಡೆಲಿಂಗ್. ಆಮೇಲೆ ನ್ಯೂಯಾರ್ಕ್‌ನ ಜಾಫ್ರಿ ಬ್ಯಾಲೆ ಶಾಲೆ. ಅಲ್ಲಿ ಮಂಡಿಗೆ ಪೆಟ್ಟಾಗಿ ನೃತ್ಯದ ಕಥೆ ಮುಗಿಯಿತು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಮ್ಮ ಗೆರ್ಡಾ ಲಾಸ್ ಏಂಜಲೀಸ್‌ಗೆ ಟಿಕೆಟ್ ತೆಗೆದುಕೊಟ್ಟರು. ಹೋಗುವುದಕ್ಕೆ ಮಾತ್ರ, ವಾಪಸ್ ಬರುವುದಕ್ಕಲ್ಲ.

ಬ್ಯಾಂಕಿನ ಕಥೆ ನೀವು ಕೇಳಿರಬಹುದು. ಬೇರೆ ರಾಜ್ಯದ ಚೆಕ್ ಅಂತ ಹಣ ಕೊಡಲಿಲ್ಲ. ಈ ಹುಡುಗಿ ಕೌಂಟರ್ ಮುಂದೆ ನಿಂತು ರಂಪ ಮಾಡಿದರು. ನಟರಿಗೆ ಮ್ಯಾನೇಜರ್ ಆಗಿದ್ದ ಜಾನ್ ಕ್ರಾಸ್ಬಿ ಅಲ್ಲೇ ಇದ್ದರು, ತಮ್ಮ ಕಾರ್ಡ್ ಕೊಟ್ಟರು. ಅದೃಷ್ಟ ಅಂದರೆ ಇದು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಕಾರ್ಡ್ ಸಿಕ್ಕಿತು ಅಂತ ಪಾತ್ರ ಸಿಗುವುದಿಲ್ಲ. ಅವರ ಉಚ್ಚಾರ ಕೇಳಿದವರು ಬೇಡ ಅನ್ನುತ್ತಿದ್ದರು. ಹಾಗಾಗಿ ಟಿವಿ ಮುಂದೆ ಕೂತು, ಧಾರಾವಾಹಿಗಳನ್ನು ನೋಡಿ ನೋಡಿ ಅಮೆರಿಕದ ಮಾತು ಕಲಿತರು. 1995ರಲ್ಲಿ ಬಂದ ಅವರ ಮೊದಲ ಚಿತ್ರ ಒಂದು ಸಣ್ಣ ಹಾರರ್ ಚಿತ್ರ. ಅದರಲ್ಲಿ ಅವರಿಗೆ ಮಾತೇ ಇಲ್ಲ!

ಇಲ್ಲಿ ನನ್ನದೊಂದು ಮಾತು. ನಾನು ಕುಂದಾಪುರದ ಕಡೆಯವನು. ಬೆಂಗಳೂರಿಗೆ ಬಂದ ಹೊಸದರಲ್ಲಿ 'ಹ್ವಾಯ್' ಅಂದರೆ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ಆರು ತಿಂಗಳಲ್ಲಿ ಬಿಟ್ಟೆ. ಈಗ ಅಮ್ಮನ ಫೋನ್ ಬಂದಾಗ ಮಾತ್ರ ತಾನಾಗಿಯೇ ಬಾಯಿಗೆ ಬರುತ್ತದೆ. ಥೆರಾನ್ ಕೂಡ ಅಮ್ಮನ ಜೊತೆ ಆಫ್ರಿಕಾನ್ಸ್‌ನಲ್ಲೇ ಮಾತಾಡುತ್ತಾರೆ. ಅದಕ್ಕೇ ಇರಬೇಕು, ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯಲು ಕೂತೆ.

ಇನ್ನು ಅಂದದ ವಿಷಯ. 1997ರಲ್ಲಿ 'ದಿ ಡೆವಿಲ್ಸ್ ಅಡ್ವೊಕೇಟ್' ಬಂತು. ಎದುರಿಗೆ ಕೀನೂ ರೀವ್ಸ್, ಅಲ್ ಪಚೀನೊ. ಅದರಲ್ಲಿ ನಿಧಾನವಾಗಿ ಬುದ್ಧಿ ಕಳೆದುಕೊಳ್ಳುವ ಹೆಂಡತಿಯ ಪಾತ್ರವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಮುಂದಿನ ಐದಾರು ವರ್ಷ ಸಿಕ್ಕಿದ್ದರಲ್ಲಿ ಹೆಚ್ಚಿನವು ನಾಯಕನ ಪ್ರೇಯಸಿ, ನಾಯಕನ ಹೆಂಡತಿ. ಅಂದ ಕೆಲಸ ಕೊಡಿಸುತ್ತಿತ್ತು, ಅದೇ ಥರದ ಕೆಲಸ.

ಅದನ್ನು ಒಡೆದದ್ದು 2003ರ 'ಮಾನ್‌ಸ್ಟರ್'. ಫ್ಲೋರಿಡಾದಲ್ಲಿ ಸರಣಿ ಕೊಲೆ ಮಾಡಿ 2002ರಲ್ಲಿ ಮರಣದಂಡನೆಗೆ ಒಳಗಾದ ಐಲೀನ್ ವುರ್ನೋಸ್ ಎಂಬ ಹೆಂಗಸಿನ ಕಥೆ. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್‌ಗೆ ಅದು ಮೊದಲ ಚಿತ್ರ. ಥೆರಾನ್ ಸುಮಾರು 14 ಕೆಜಿ ತೂಕ ಏರಿಸಿಕೊಂಡರು, ಹಲ್ಲಿನ ಮೇಲೆ ಕೃತಕ ಹಲ್ಲು ಹಾಕಿಸಿಕೊಂಡರು. ನಿರ್ಮಾಪಕರಲ್ಲಿ ಅವರೂ ಒಬ್ಬರು. ನಾನು ಇದನ್ನು ಗೆಳೆಯನ ರೂಮಿನಲ್ಲಿ ಡಿವಿಡಿ ಹಾಕಿ ನೋಡಿದ್ದು. ಅರ್ಧ ಗಂಟೆ ಆದರೂ "ಥೆರಾನ್ ಯಾವಾಗ ಬರ್ತಾಳೆ?" ಅಂತ ಕಾಯುತ್ತಿದ್ದೆ. ಗೆಳೆಯ ಬಿದ್ದು ಬಿದ್ದು ನಕ್ಕ.

ಆದರೆ ತೂಕ, ಹಲ್ಲು, ಮೇಕಪ್ ಬಗ್ಗೆ ಜನ ಜಾಸ್ತಿ ಮಾತಾಡಿದರು ಅನ್ನಿಸುತ್ತದೆ. ನೀವು ನೋಡುವಾಗ ಆ ಹೆಂಗಸು ನಿಲ್ಲುವ ರೀತಿ ಗಮನಿಸಿ. ಎದೆ ಸೆಟೆದು, ಕತ್ತು ಹಿಂದಕ್ಕೆ ಎಳೆದು, ಯಾರಾದರೂ ಹೊಡೆಯಲು ಬಂದರೆ ಎದುರಿಸುತ್ತೇನೆ ಎಂಬಂತೆ ನಿಲ್ಲುತ್ತಾಳೆ. ಅದು ಮೇಕಪ್ ಅಲ್ಲ. ವರ್ಷಗಟ್ಟಲೆ ನೃತ್ಯ ಮಾಡಿ ಮೈಯನ್ನು ಮಾತು ಕೇಳುವಂತೆ ಪಳಗಿಸಿಕೊಂಡವರಿಗೆ ಮಾತ್ರ ಆಗುವ ಕೆಲಸ. ಮಂಡಿ ಹೋದರೂ ಬ್ಯಾಲೆ ಎಲ್ಲೂ ಹೋಗಿರಲಿಲ್ಲ. 2004ರ ಫೆಬ್ರವರಿ 29ರಂದು ಅತ್ಯುತ್ತಮ ನಟಿ ಆಸ್ಕರ್ ಬಂತು. ನಟನೆಗೆ ಆಸ್ಕರ್ ಪಡೆದ ಮೊದಲ ದಕ್ಷಿಣ ಆಫ್ರಿಕನ್ ಅವರೇ. ಊರಿಗೆ ಹೋದಾಗ ಮಂಡೇಲಾ ಅವರನ್ನು ಭೇಟಿಯಾದರು.

ಅದಾದ ಮೇಲೆ ಎಲ್ಲವೂ ಗೆಲುವೇ ಅಲ್ಲ. 2005ರ 'ಈಯಾನ್ ಫ್ಲಕ್ಸ್' ಮಕಾಡೆ ಮಲಗಿತು, ಅದರ ಚಿತ್ರೀಕರಣದಲ್ಲಿ ಕತ್ತಿಗೆ ಪೆಟ್ಟೂ ಆಯಿತು. ಅದೇ ವರ್ಷ ಗಣಿ ಕೆಲಸದ ಹೆಂಗಸಾಗಿ 'ನಾರ್ತ್ ಕಂಟ್ರಿ'ಯಲ್ಲಿ ಮತ್ತೆ ಆಸ್ಕರ್ ನಾಮನಿರ್ದೇಶನ. ಟಿವಿಯಲ್ಲಿ 'ಅರೆಸ್ಟೆಡ್ ಡೆವಲಪ್‌ಮೆಂಟ್' ಹಾಸ್ಯ ಸರಣಿಯಲ್ಲಿ ಸ್ವಲ್ಪ ಹೊತ್ತು ಬಂದು ಹೋದರು. ಆಮೇಲೆ ನೆಟ್‌ಫ್ಲಿಕ್ಸ್‌ನ 'ಮೈಂಡ್‌ಹಂಟರ್' ಸರಣಿಯ ನಿರ್ಮಾಪಕರಲ್ಲಿ ಒಬ್ಬರಾದರು.

2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಅಂತೂ ನಿಮಗೆ ಗೊತ್ತೇ ಇರುತ್ತದೆ. ತಲೆ ಬೋಳಿಸಿಕೊಂಡು, ಒಂದು ಕೈ ಇಲ್ಲದ ಫ್ಯೂರಿಯೋಸಾ. ತಮಾಷೆ ಏನೆಂದರೆ, ಅದನ್ನು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ತೆಗೆಯಬೇಕಿತ್ತು. ಅಲ್ಲಿ ಜೋರು ಮಳೆ ಬಂದು ಮರಳೆಲ್ಲ ಹೂ ಬಿಟ್ಟಿತು. ಹಾಗಾಗಿ ಇಡೀ ತಂಡ ನಮೀಬಿಯಾಕ್ಕೆ ಹೋಯಿತು. ಅದು ದಕ್ಷಿಣ ಆಫ್ರಿಕಾದ ಪಕ್ಕದ ದೇಶ, ಅಲ್ಲೂ ಆಫ್ರಿಕಾನ್ಸ್ ಓಡಾಡುತ್ತದೆ. ಎಲ್ಲಿಂದ ಹೊರಟರೋ ಅದರ ಬೇಲಿಯಾಚೆಗೇ ಬಂದು, ಕಲಿತ ಇಂಗ್ಲಿಷಿನಲ್ಲಿ ಕೆಲವೇ ಮಾತಾಡಿ, ಉಳಿದದ್ದನ್ನು ಕಣ್ಣಲ್ಲಿ ಮುಗಿಸಿದರು. 2019ರ 'ಬಾಂಬ್‌ಶೆಲ್'ನಲ್ಲಿ ಟಿವಿ ಪತ್ರಕರ್ತೆ ಮೆಗಿನ್ ಕೆಲಿಯ ದನಿಯನ್ನೇ ಹಿಡಿದು ಮೂರನೇ ನಾಮನಿರ್ದೇಶನ ಪಡೆದರು.

ಒಂದು ಕಡೆ ಮಾತ್ರ ನನಗೆ ಅವರ ಮೇಲೆ ಬೇಜಾರಿದೆ. 2022ರ ನವೆಂಬರ್‌ನಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ, ಆಫ್ರಿಕಾನ್ಸ್ ಮಾತಾಡುವವರು ಇನ್ನು ಸುಮಾರು 44 ಜನ ಇರಬಹುದು, ಅದು ಸಾಯುತ್ತಿರುವ ಭಾಷೆ ಅಂದುಬಿಟ್ಟರು. ಸುಮ್ನೆ ನಗಿಸಲು ಅಂದದ್ದೇ ಇರಬಹುದು. ದಕ್ಷಿಣ ಆಫ್ರಿಕಾದ 2011ರ ಜನಗಣತಿ ಪ್ರಕಾರ ಅದು 65 ಲಕ್ಷಕ್ಕೂ ಹೆಚ್ಚು ಜನರ ಮನೆಮಾತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಳಿಯರಲ್ಲ. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರ ಪರ ನಿಂತವರೂ ಇದ್ದರು. ಅದಕ್ಕೂ ಕಾರಣವಿದೆ. ವರ್ಣಭೇದದ ಸರ್ಕಾರ ಆ ಭಾಷೆಯನ್ನು ಕಪ್ಪು ಮಕ್ಕಳ ಶಾಲೆಗಳಲ್ಲಿ ಹೇರಲು ಹೋದಾಗಲೇ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದು ಗುಂಡಿಗೆ ಬಲಿಯಾದದ್ದು. ಆಗ ಥೆರಾನ್‌ಗೆ ಹತ್ತು ತಿಂಗಳು. ಬಿಳಿ ಮನೆಯ ಕೂಸು. ಸೊವೆಟೊದಲ್ಲಿ ಅದೇ ಕಾಲಕ್ಕೆ ಹುಟ್ಟಿದ ಹುಡುಗಿಗೆ ಮಿಲಾನ್, ನ್ಯೂಯಾರ್ಕ್ ದಾರಿ ಇಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಇದನ್ನು ಹೇಳದೆ ಅವರ ಕಥೆ ಹೇಳಿದರೆ ಅರ್ಧ ಹೇಳಿದಂತೆ, ಅಲ್ವಾ?

ಆ ಇನ್ನರ್ಧಕ್ಕೆ ದಕ್ಷಿಣ ಆಫ್ರಿಕಾದ ಕಪ್ಪು ನಟಿ ತುಸೊ ಎಂಬೇಡು ಅವರನ್ನು ನೋಡಿ. 1991ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ಹುಟ್ಟಿದವರು. ಗಾಂಧೀಜಿಯನ್ನು ರೈಲಿನಿಂದ ಹೊರಗೆ ಹಾಕಿದ ಊರು ಅದು. ಅಮ್ಮ ಬೇಗ ತೀರಿಕೊಂಡರು, ಸಾಕಿದ್ದು ಅಜ್ಜಿ. ಊರಿನ ಟಿವಿ ಸರಣಿಯಲ್ಲೇ ನಟಿಸಿ 2017ರಲ್ಲಿ ಅಂತಾರಾಷ್ಟ್ರೀಯ ಎಮ್ಮಿಗೆ ನಾಮನಿರ್ದೇಶನಗೊಂಡರು. 2021ರಲ್ಲಿ ಬ್ಯಾರಿ ಜೆಂಕಿನ್ಸ್ ಅವರ 'ದಿ ಅಂಡರ್‌ಗ್ರೌಂಡ್ ರೈಲ್‌ರೋಡ್' ಸರಣಿಗೆ ಅವರೇ ನಾಯಕಿ. ಮರುವರ್ಷ 'ದಿ ವುಮನ್ ಕಿಂಗ್'ನಲ್ಲಿ ವಯೋಲಾ ಡೇವಿಸ್ ಎದುರು ನಟಿಸಿದರು. ಅದರಲ್ಲಿ ಆಫ್ರಿಕಾದ ಉಚ್ಚಾರವನ್ನು ಅಡಗಿಸಬೇಕಿರಲಿಲ್ಲ, ಅಮೆರಿಕದ ವಯೋಲಾ ಡೇವಿಸ್ ಅವರೇ ಅದನ್ನು ಕಲಿಯಬೇಕಾಯಿತು.

ಎಲ್ಲಿಂದ ಶುರು ಮಾಡಲಿ ಅಂದರೆ, ಮೊದಲು ಥೆರಾನ್ ಆಫ್ರಿಕಾನ್ಸ್ ಮಾತಾಡಿರುವ ಯಾವುದಾದರೂ ಸಂದರ್ಶನದ ತುಣುಕು ಹುಡುಕಿ, ಎರಡು ನಿಮಿಷ ಕೇಳಿ. ಆಮೇಲೆ 'ಮಾನ್‌ಸ್ಟರ್' ಹಾಕಿ. ರಾತ್ರಿ ಊಟ ಮಾಡುತ್ತಾ ನೋಡಬೇಡಿ, ಅನ್ನ ಇಳಿಯುವುದಿಲ್ಲ.