ಕೊರಿಯಾದಲ್ಲಿ ಮನೆತನದ ಹೆಸರುಗಳಿಗೇ ಒಂದು ಪಾರ್ಕ್ ಇದೆಯಂತೆ, ಹೋಗಬಹುದಾ? ಅಲ್ಲಿ ನೋಡೋಕೆ ಏನಿದೆ?

ಖಂಡಿತ ಹೋಗಿ. ಅದು ಡೇಜಾನ್ ನಗರದ ಪ್ಪುರಿ ಪಾರ್ಕ್, 1997ರಲ್ಲಿ ಶುರುವಾಗಿದ್ದು. ಸೋಲ್‌ನಿಂದ ಡೇಜಾನ್‌ಗೆ ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಒಂದು ಗಂಟೆ.

ಹೊಳೆಯ ಪಕ್ಕದ ಗುಡ್ಡದಲ್ಲಿ 200ಕ್ಕೂ ಹೆಚ್ಚು ಶಿಲ್ಪಗಳಿವೆ, ಒಂದೊಂದೂ ಒಂದೊಂದು ಮನೆತನದ್ದು. ಮೂಲಪುರುಷ ಯಾರು, ಕುಲ ಹೇಗೆ ಬೆಳೆಯಿತು ಅನ್ನೋದನ್ನ ಅದರಲ್ಲೇ ಕೆತ್ತಿದ್ದಾರೆ. ಸುಮ್ನೆ ಫೋಟೊ ತೆಗೆದು ಮುಂದೆ ಹೋಗಬೇಡಿ.

ಕೊರಿಯಾದಲ್ಲಿ ಬರೀ ಕಿಮ್ ಅಂದರೆ ಸಾಲದು, ಯಾವ ಊರಿನ ಕಿಮ್ ಅನ್ನೋದು ಮುಖ್ಯ. ಗಿಮ್ಹೇ ಕಿಮ್ ಬೇರೆ, ಗ್ಯೊಂಗ್ಜು ಕಿಮ್ ಬೇರೆ. ನಮ್ಮಲ್ಲಿ ಸಗೋತ್ರ ಮದುವೆ ಬೇಡ ಅಂತಾರಲ್ವಾ, ಹಾಗೇ ಅಲ್ಲಿ ಒಂದೇ ಕುಲದವರು ಮದುವೆಯಾಗುವಂತಿಲ್ಲ ಅಂತ ಕಾನೂನೇ ಇತ್ತು. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದಕ್ಕೆ ತಡೆ ಹಾಕಿತು.

ನಮಗೆ ಇನ್ನೂ ಹತ್ತಿರದ ವಿಷಯ ಒಂದಿದೆ. ಗಿಮ್ಹೇ ಕಿಮ್ ಕುಲದ ಮೂಲತಾಯಿ ಹೊ ಹ್ವಾಂಗ್-ಓಕ್ ಆಯುತ ದೇಶದಿಂದ ಹಡಗಿನಲ್ಲಿ ಬಂದವಳು ಅಂತ ಹಳೆಯ ಕಥೆ ಹೇಳುತ್ತದೆ. ಆ ಆಯುತವೇ ಅಯೋಧ್ಯೆ ಅಂತ ನಂಬುವವರು ಅಲ್ಲೂ ಇದ್ದಾರೆ.

ಪಾರ್ಕಿನೊಳಗೇ ವಂಶಾವಳಿ ಮ್ಯೂಸಿಯಂ ಇದೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ತಲೆಮಾರುಗಳ ಹೆಸರು ಸಾಲುಸಾಲಾಗಿ ಬರೆದಿರುವ ಜೊಕ್ಬೊ ಪುಸ್ತಕಗಳನ್ನು ಅಲ್ಲಿ ನೋಡಬಹುದು.